ರೂಸ್‌ವೆಲ್ಟರ ಜೋಡುನಳಿಗೆಯ ಕೋವಿ

ಅಮೆರಿಕದ ಅಧ್ಯಕ್ಷಪದವಿಯಿಂದ 1909ರಲ್ಲಿ ನಿವೃತ್ತರಾದ ಥಿಯೊಡೋರ್ ರೂಸ್‌ವೆಲ್ಟರು ಆಫ್ರಿಕಾದ ಬೇಟೆಗೆ ಹೊರಟಾಗ, ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರೂ ಬೇಟೆಗಾರರೂ ಕೂಡಿ ಅವರಿಗೊಂದು ಕೋವಿಯನ್ನು ಕಾಣಿಕೆಯಾಗಿತ್ತರು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು ಕಟ್ಟಿದ ಜೋಡುನಳಿಗೆಯದು. ನಳಿಗೆಯ ಬಾಯಿ ಅರ್ಧ ಅಂಗುಲಕ್ಕೆ ತುಸುವೇ ಕಡಿಮೆ. ಮುಂಗಡೆಯ ಮರದ ತುಂಡನ್ನು ಕಳಚಿದರೆ ನಳಿಗೆಗಳು ಹಿಡಿಯಿಂದ ಬೇರ್ಪಟ್ಟು, ಇಡೀ ಕೋವಿ ಚಿಕ್ಕ ಪೆಟ್ಟಿಗೆಯೊಂದರಲ್ಲಿ ಅಡಗುವುದು. ಆದರೆ ಕುಶಲತೆಯೆಲ್ಲ ಇರುವುದು ಎರಡು ನಳಿಗೆಗಳ ಗುಂಡೂ ಒಂದೇ ಗುರಿಯನ್ನು ಸೇರುವಂತೆ ಹೊಂದಿಸುವುದರಲ್ಲಿ. ಹಾರಿಸಿ ನೋಡಬೇಕು, ಬೆಸುಗೆ ಸಡಿಲಿಸಿ ತಿದ್ದಬೇಕು, ಮತ್ತೆ ಹಾರಿಸಬೇಕು. ನುರಿತ ಕೈಗೂ ತಾಳ್ಮೆಗೂ ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ನಾನರಿಯೆ.

ಕೀನ್ಯಾ ಪರ್ವತದ ಕಾಡಿನಲ್ಲಿ ಅವರು ಮೊದಲ ಆನೆಯನ್ನು ಕೆಡವಿದುದು ಈ ಕೋವಿಯಿಂದಲೇ. ಬಲನಳಿಗೆಯ ಗುಂಡಿಗೆ ಆನೆ ತತ್ತರಿಸಿತು, ಎಡನಳಿಗೆಯದಕ್ಕೆ ಉರುಳಿತು. ಆ ಕ್ಷಣವೇ ಪೊದೆಯನ್ನು ಸೀಳಿಕೊಂಡು ಇನ್ನೊಂದು ಗಂಡಾನೆ ಮೇಲೆ ಬಂದಿತು. ನಳಿಗೆಗಳೆರಡೂ ಬರಿದು! ರೂಸ್‌ವೆಲ್ಟರು ಮರದ ಮರೆಗೆ ಹಾರಿ ಹೊಸ ತೋಟಾ ತುಂಬುತ್ತಿರುವಾಗ, ಜೊತೆಗಾರ ಕನಿಂಗ್‌ಹ್ಯಾಮರು ಎರಡು ಗುಂಡು ಹೊಡೆದು ಆನೆಯನ್ನು ತಿರುಗಿಸಿದರು.

ಆ ಕಾಣಿಕೆ ಸಂದುದು ಯಾವ ಸೇವೆಗೆಂದು ಶ್ರೋತೃಗಳು ಬಲ್ಲಿರೋ ಇಲ್ಲವೋ: ರಾಷ್ಟ್ರೀಯ ಉದ್ಯಾನಗಳಿಂದಲೂ ಕಾಯ್ದಿಟ್ಟ ಅರಣ್ಯಗಳಿಂದಲೂ ಜೀವಜಾತಿಗಳನ್ನು ಉಳಿಸಿದ್ದಕ್ಕೆ. ಆ ಪ್ರವಾಸದಲ್ಲಿ ತಂದೆಯೂ ಮಗ ಕರ್ಮಿಟ್ಟನೂ ರೈಫಲಿನಿಂದ ಕೊಂದ ಪ್ರಾಣಿಪಕ್ಷಿಗಳನ್ನು ರೂಸ್‌ವೆಲ್ಟರೇ ಎಣಿಸಿ ಬರೆದಿಟ್ಟರು, ಒಟ್ಟು 512.