ಕೊಡಲಿಗೊಂದು ಹ್ಯಾಂಡಲ್

ಮೊನ್ನೆ ತಿಪಟೂರಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಲ್ಲಿಯ ವಾಷರ್ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲೊಬ್ಬ ಹುಡುಗ, ಕೈಯಲ್ಲಿ ಬೋಳು ಕೊಡಲಿ. "ಅಣ್ಣಾ, ಇದ್ಕೊಂದು ಹ್ಯಾಂಡಲ್ ಕೊಡಿ" ಅಂದ. ಅಂಗಡಿಯವರು "ಯಾವ ಸೈಜು?" ಅಂದರು. ಇಬ್ಬರಿಗೂ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ವಾಷರ್ ಎಷ್ಟು ಇಂಚಿನದು ಅನ್ನುವುದೇ ಮರೆತುಹೋಯಿತು.

ಕೊಡಲಿಗೆ ಇರುವುದು ಕಾವು. ಹ್ಯಾಂಡಲ್ ಇರುವುದು ಸೈಕಲ್ಲಿಗೆ. ಎರಡು ಕೈಯಲ್ಲಿ ಹಿಡಿದು ಬೀಸುವಷ್ಟು ಉದ್ದವಿದ್ದರೆ ಕಾವು: ಕೊಡಲಿಗೆ, ಗುದ್ದಲಿಗೆ, ಪಿಕಾಸಿಗೆ. ಅಂಗೈಯೊಳಗೆ ಅಡಗುವುದಾದರೆ ಹಿಡಿ: ಮಚ್ಚಿಗೆ, ಕುಡುಗೋಲಿಗೆ. ನೇಗಿಲಿನದು ಮೇಳಿ, ಬೀಸುವ ಕಲ್ಲಿನದು ಗೂಟ. ಕೊಡೆಯನ್ನು ಒಂದೇ ಕೈಯಲ್ಲಿ ಹಿಡಿದರೂ ಅದರದ್ದು ಕಾವೇ, ಯಾಕೆಂದು ಕೇಳಬೇಡಿ. ಈಗ ಇವೆಲ್ಲವನ್ನೂ ಹ್ಯಾಂಡಲ್ ನುಂಗಿ ನೀರು ಕುಡಿದಿದೆ. ಸಾಲದ್ದಕ್ಕೆ ಮನೆಜಗಳವನ್ನೂ ನಾವು 'ಹ್ಯಾಂಡಲ್ ಮಾಡುತ್ತೇವೆ'.

ಹೋಗಲಿ, ಹುಡುಗನದೊಂದೇ ತಪ್ಪಲ್ಲ. ನನ್ನ ತಂಗಿಯ ಮಗಳಿಗೆ ಶಾಲೆಯಲ್ಲಿ 'ಕೊಡಲಿ ಕಾವು ಕುಲಕ್ಕೆ ಸಾವು' ಅನ್ನುವ ಗಾದೆಯನ್ನು ವಿಸ್ತರಿಸಲು ಕೊಟ್ಟಿದ್ದರು. ಕೊಡಲಿಯನ್ನು ಬಿಸಿ ಮಾಡಬಾರದು, ಮಾಡಿದರೆ ಮನೆತನಕ್ಕೆ ಕೇಡು ಎಂದು ಅರ್ಧ ಪುಟ ಬರೆದು ಬಂದಿದ್ದಾಳೆ. ಎರಡು ಅಂಕ ಹೋಯಿತು. ಅವಳಿಗೆ ಗೊತ್ತಿರುವ ಕಾವು ಕೋಳಿ ಕೂರುವ ಕಾವು. ಅದನ್ನು ಬಿಟ್ಟರೆ ಪತ್ರಿಕೆಗಳಲ್ಲಿ ಐದು ವರ್ಷಕ್ಕೊಮ್ಮೆ ಏರುವ 'ಚುನಾವಣಾ ಕಾವು'. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ, ಆ ಮಗುವಿಗೆ ಪೂರ್ತಿ ಅಂಕ ಕೊಡಬೇಕಿತ್ತಲ್ಲವೇ ಅನ್ನಿಸಿತು.

ಯಾಕೆಂದರೆ ನಮ್ಮ ತಾತ ಕಾವು ಮಾಡುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಲದಂಚಿನ ತಡಸಲು ಮರದಿಂದ ಗಿಣ್ಣಿಲ್ಲದ ಒಂದು ಕೊಂಬೆ ಆರಿಸುವರು. ದಿಂಡಿಗ ಸಿಕ್ಕರೆ ಇನ್ನೂ ಮೇಲು, ಆದರೆ ಅದಕ್ಕೆ ಗುಡ್ಡ ಹತ್ತಬೇಕು. ಕೊಂಬೆಯನ್ನು ನೆರಳಲ್ಲಿ ವಾರ ಬಿಟ್ಟು, ಆಮೇಲೆ ಬಚ್ಚಲೊಲೆಯ ಬಿಸಿಬೂದಿಯೊಳಗೆ ಹೂಳುವರು. ತೊಗಟೆ ಬಿರಿದು ಸುಯ್ಯೆನ್ನುವಾಗ ಹೊರಗೆಳೆದು, ಡೊಂಕಿದ್ದ ಕಡೆ ಮೊಣಕಾಲು ಕೊಟ್ಟು ಒತ್ತುವರು. ಕಾದ ಕೋಲು ಹೇಳಿದಂತೆ ಕೇಳುತ್ತಿತ್ತು. ಮತ್ತೆ ಬೂದಿ, ಮತ್ತೆ ಮೊಣಕಾಲು. ಕೊನೆಗೆ ಒಡೆದ ಗಾಜಿನ ಚೂರಿನಿಂದ ಹೆರೆದು, ಹರಳೆಣ್ಣೆ ತಿಕ್ಕಿ, ಕೊಡಲಿಯ ತೂತಿಗೆ ಬಡಿದು ಕೂರಿಸಿ, ತುದಿಗೆ ಬೆಣೆ ಹೊಡೆದು, ಇಡೀ ರಾತ್ರಿ ನೀರಿನ ಬಾನಿಯಲ್ಲಿ ಮುಳುಗಿಸಿಡುವರು. ಮರ ಉಬ್ಬಿ ಕಬ್ಬಿಣವನ್ನು ಕಚ್ಚಿಕೊಳ್ಳಬೇಕು. ಬೆಳಿಗ್ಗೆ ಮೊದಲ ಪೆಟ್ಟು ಅವರೇ ಹಾಕುವರು. ನಾವು ಹುಡುಗರು ದೂರ ನಿಲ್ಲಬೇಕು, ಕೊಡಲಿ ಕಳಚಿ ಹಾರಿದರೆ ಅಂತ.

ಹೀಗೆ ಕಾಯಿಸಿ ಮಾಡಿದ್ದಕ್ಕೆ ಕಾವು ಅನ್ನದೆ ಇನ್ನೇನನ್ನಬೇಕು? ಇದು ನನ್ನ ಸಿದ್ಧಾಂತ. ಕೋಳಿ ಮೊಟ್ಟೆಗೆ ಕೊಡುವ ಕಾವೂ ಕೊಡಲಿಯ ಕಾವೂ ಒಂದೇ ಒಲೆಯಿಂದ ಎದ್ದ ಪದಗಳು. ತಮಿಳಿನಲ್ಲಿ ತೊಟ್ಟಿಗೂ ಹಿಡಿಗೂ 'ಕಾಂಬು' ಅನ್ನುತ್ತಾರೆ, ನಮ್ಮ ಕಾವು ಅದರ ಒಡಹುಟ್ಟು, ಬಿಸಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಕನ್ನಡ ಮೇಷ್ಟರಾದ ಗೆಳೆಯರೊಬ್ಬರು ತಿದ್ದಿದರು. ಕಾವಡಿಯನ್ನು ಯಾವ ಬೂದಿಯಲ್ಲಿ ಹೂಳಿದ್ದರು ಎಂದೂ ಕೇಳಿದರು. ಅವರು ಬಚ್ಚಲೊಲೆಯ ಮುಂದೆ ಕೂತವರಲ್ಲ. ಹಾಗೆ ನೋಡಿದರೆ ಕಾಯ್ದೆ ಅನ್ನುವ ಪದ ಕಾಯುವುದರಿಂದ ಬಂತೆಂದು ಅವರೊಡನೆಯೇ ವಾದಿಸಿ ಒಮ್ಮೆ ಸೋತಿದ್ದೇನೆ, ಅದು ಅರಬ್ಬಿಯಂತೆ. ಸೋತ ಅನುಭವ ಇರುವುದರಿಂದ ಈ ಸಲ ಬಿಡುವುದಿಲ್ಲ.

ಗಾದೆಯ ಬಗ್ಗೆ ನನ್ನ ತಕರಾರು ಬೇರೆಯೇ ಇದೆ. ಮರದ ಕುಲದಲ್ಲೇ ಹುಟ್ಟಿದ ಕಾವು ಕೊಡಲಿಯೊಳಗೆ ಸೇರಿಕೊಂಡು ಮರಗಳನ್ನೇ ಕೊಂದಿತು ಅನ್ನುತ್ತದಲ್ಲ, ಕಬ್ಬಿಣದ ಮೇಲೆ ಒಂದು ಮಾತೂ ಇಲ್ಲ. ಪ್ರತಿ ಪೆಟ್ಟಿನ ಅದುರು ತಿನ್ನುವುದು ಕಾವು, ಸೀಳುವುದೂ ಅದೇ, ಕೊನೆಗೆ ಸೀಳಿದ ಕಾವು ಅದೇ ಒಲೆಗೆ ಹೋಗುತ್ತದೆ. ಕಬ್ಬಿಣ ಮಾತ್ರ ಮೂರು ತಲೆಮಾರು ಬಾಳುತ್ತದೆ. ತಾತನ ಕೊಡಲಿ ನಮ್ಮ ಮನೆಯಲ್ಲಿ ಇನ್ನೂ ಇದೆ, ಕಾವು ಎಷ್ಟನೆಯದೋ ಲೆಕ್ಕವಿಲ್ಲ. ಇನ್ನು ಕುಲದ ಸಾವು. ಈ ಗಾದೆ ಕಟ್ಟಿದವರು ಕಾಡು ನೋಡಿದವರಿರಬೇಕು, ಬದುವಿನ ಹೊಂಗೆ ನೋಡಿದವರಲ್ಲ. ಹೊಲದಲ್ಲಿ ಸೌದೆಗಾಗಿ ಮರ ಕಡಿಯುವವರಾರು? ಸವರುತ್ತಿದ್ದರು. ರಾಗಿ ಕಟಾವಾದ ಮೇಲೆ, ಬಿಸಿಲೇರುವ ಮುಂಚೆ, ಬದುವಿನ ಹೊಂಗೆ, ಬೇವು, ಜಾಲಿಗಳ ಪಕ್ಕದ ಕೊಂಬೆ ಸವರಿ, ನೆತ್ತಿ ಬಿಟ್ಟು ಇಳಿಯುವರು. ಸೊಪ್ಪು ಗೊಬ್ಬರದ ಗುಂಡಿಗೆ, ಪುಳ್ಳೆ ಒಲೆಗೆ, ತೋಳುದಪ್ಪದ್ದು ಮಳೆಗಾಲಕ್ಕೆ ಅಟ್ಟಕ್ಕೆ. ಮುಂಗಾರು ಬಿದ್ದರೆ ಮರ ಮತ್ತೆ ಮೊದಲಿನಂತೆ. ಹೆಂಗಸರು ಸಿಂಬೆಯಿಟ್ಟು ಹೊತ್ತು ತರುತ್ತಿದ್ದ ಹೊರೆಯಲ್ಲಿ ಮುಕ್ಕಾಲುಪಾಲು ಪುಳ್ಳೆಯೇ, ತೆಂಗಿನ ಎಡೆಮಟ್ಟೆಯೇ.

ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಮನೆಗೂ ಬಂದಿತ್ತು. ಹೊಗೆ ಕಡಿಮೆ, ಸೌದೆಯೂ ಕಡಿಮೆ. ಆದರೆ ಅದರ ಬಾಯಿ ಚಿಕ್ಕದು, ಬೆರಳುದಪ್ಪಕ್ಕೆ ಸೀಳಿ ಕೊಡಬೇಕು. "ಇದು ಒಲೆಯಲ್ಲ, ಹಲ್ಲಿಲ್ಲದ ಮುದುಕ" ಎಂದು ಅಮ್ಮ ಗೊಣಗಿ, ಸೀಳುವ ಕೆಲಸ ನನಗೆ ಹಚ್ಚಿದಳು. ಕಾವು ಹಿಡಿದ ನನ್ನ ಅಂಗೈಯಲ್ಲಿ ಆ ವರ್ಷವಿಡೀ ಬೊಬ್ಬೆ.

ಸವರು ಅನ್ನುವ ಮಾತನ್ನು ಈಗ ಕೇಳುವವರಿಲ್ಲ. ಗಡ್ಡಕ್ಕೆ ಟ್ರಿಮ್, ಮರಕ್ಕೆ ಕಟ್, ತೀರಾ ಸರ್ಕಾರಿ ಭಾಷೆ ಬೇಕಿದ್ದರೆ ಕಟಾವು. 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥವನ್ನು ಕಡಿಯಲು ರೈತರಿಗೆ ಅನುಮತಿಯ ತಾಪತ್ರಯವಿಲ್ಲ. ಹಾಗಾಗಿ ಮರ ಕೊಯ್ಯುವ ಹುಡುಗರಿಗೆ ಕೈಪಳಗಿರುವುದು ಅವುಗಳಲ್ಲೇ: ಬುಡಕ್ಕಿಟ್ಟರೆ ಉರುಳಿತು, ಟನ್ನಿನ ಲೆಕ್ಕ, ಲಾರಿ. ಕಳೆದ ಬೇಸಿಗೆಯಲ್ಲಿ ಅಂಥ ಒಬ್ಬನನ್ನು ಕರೆಸಿ, "ಆ ಹೊಂಗೆ ಒಸಿ ಸವರಪ್ಪ, ತೊಗರಿಗೆ ನೆರಳಾಗ್ತದೆ" ಅಂದೆ. "ಕಟ್ ಮಾಡ್ಬೇಕಾ ಸಾರ್?" ಅಂದ. "ಹೂಂ" ಅಂದುಬಿಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಗರಗಸದ ಮಿಷನ್ನಿನ ಸದ್ದು ನಿಂತಿತ್ತು. ಹೊಂಗೆ ಬದುವಿನುದ್ದಕ್ಕೂ ಮಲಗಿತ್ತು. ಆ ಮಿಷನ್ನಿಗೆ ಕಾವು ಹಾಕುವ ಕಷ್ಟವಿಲ್ಲ; ಮುಟ್ಟಿದರೆ ಕೈ ಸುಡುವಷ್ಟು ಕಾವು ಮಾತ್ರ ಇತ್ತು. ಅವನ ಮೇಲೆ ಕೂಗಾಡುವುದಕ್ಕೂ ಬಾಯಿ ಬರಲಿಲ್ಲ. ಕೇಳಿದ್ದ, ನಾನೇ ಹೂಂ ಅಂದಿದ್ದೆ.

ಮೂರು ತಿಂಗಳಿಗೆ ಬೊಡ್ಡೆಯ ಸುತ್ತ ಹತ್ತಾರು ಕವಲು ಚಿಗುರಿದವು. ಅದರಲ್ಲೊಂದು ಕೋಲು ನೆಟ್ಟಗೆ, ಗಿಣ್ಣಿಲ್ಲದೆ ಎದ್ದಿದೆ. ನಿನ್ನೆ ಹೊಲ ನೋಡಲು ಬಂದ ಪಕ್ಕದ ಜಮೀನಿನ ಅಜ್ಜಿಗೆ ಅದನ್ನು ತೋರಿಸಿ, "ಇದನ್ನ ಬೆಳೆಸಿ ಕೊಡಲಿಗೆ ಕಾವು ಮಾಡ್ತೀನಿ ನೋಡಜ್ಜಿ" ಅಂದೆ. ಅಜ್ಜಿ ಎಲೆಯಡಿಕೆಯನ್ನು ದವಡೆಯ ಈ ಕಡೆಯಿಂದ ಆ ಕಡೆಗೆ ತಳ್ಳಿಕೊಂಡು, "ಹೊಂಗೆ ಕಾವಿಗೆ ಬರಾಕಿಲ್ಲ ಕಣಪ್ಪ, ಹುಳ ಹೊಡೀತದೆ" ಅಂದಳು.