ಹಳೆಯ ಆಸಿಲೋಸ್ಕೋಪುಗಳ ಜೀರ್ಣೋದ್ಧಾರ: ಒಂದು ವಿವೇಚನೆ

೧

ಇತಿಹಾಸದ ಆಕರಗಳೆಂದೊಡನೆ ವಿದ್ವಾಂಸರ ಮನಸ್ಸಿಗೆ ಬರುವುವು ಶಾಸನ, ತಾಳೆಯೋಲೆ, ಕಡತ, ನಾಣ್ಯ ಮೊದಲಾದುವು. ಯಂತ್ರಗಳನ್ನು ಆ ಸಾಲಿನಲ್ಲಿ ಎಣಿಸುವ ರೂಢಿ ನಮ್ಮಲ್ಲಿ ಕಡಮೆ. ಯಂತ್ರವು ನಡೆಯುವವರೆಗೆ ಸಾಧನ, ನಿಂತ ಮೇಲೆ ಗುಜರಿ ಎಂಬುದು ಸಾಮಾನ್ಯ ಭಾವನೆ. ಆದರೆ ಇಪ್ಪತ್ತನೆಯ ಶತಮಾನದ ವಿಜ್ಞಾನವು ತನ್ನ ಕುರುಹುಗಳನ್ನು ಕಾಗದದ ಮೇಲೆ ಬಿಟ್ಟುಹೋಗಿರುವಂತೆ ಉಪಕರಣಗಳ ಒಡಲಿನಲ್ಲಿಯೂ ಬಿಟ್ಟುಹೋಗಿದೆ. ಆ ಉಪಕರಣಗಳ ಪೈಕಿ ಆಸಿಲೋಸ್ಕೋಪು ಒಂದು ಮುಖ್ಯವಾದ ಆಕರ. ಹಳೆಯ ಆಸಿಲೋಸ್ಕೋಪುಗಳನ್ನು ದುರಸ್ತಿಮಾಡಿ ಕಾಪಾಡಿಕೊಂಡು ಬರುತ್ತಿರುವ ಹವ್ಯಾಸಿಗಳ ಕಾರ್ಯವು ಬರಿಯ ಕಾಲಹರಣವಲ್ಲ, ಗ್ರಂಥಸಂಪಾದನೆಗೆ ಹತ್ತಿರವಾದ ಒಂದು ವ್ಯಾಸಂಗ ಎಂಬುದನ್ನು, ಮುಖ್ಯವಾಗಿ ಅಮೆರಿಕದ ಟೆಕ್ಟ್ರಾನಿಕ್ಸ್ ಸಂಸ್ಥೆಯ ಉಪಕರಣಗಳನ್ನು ನಿದರ್ಶನವಾಗಿಟ್ಟುಕೊಂಡು, ಇಲ್ಲಿ ವಿವೇಚಿಸಲಾಗಿದೆ.

ವಿದ್ಯುತ್ತಿನ ಏರಿಳಿತ ಕಣ್ಣಿಗೆ ಕಾಣತಕ್ಕದ್ದಲ್ಲ. ಅದನ್ನು ಬೆಳಕಿನ ಗೆರೆಯಾಗಿ ಬರೆದು ತೋರಿಸುವುದೇ ಆಸಿಲೋಸ್ಕೋಪಿನ ಕೆಲಸ. ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಸಣ್ಣ ಕಿರಣವಾಗಿ ಎದುರಿನ ಪರದೆಯನ್ನು ತಾಕಿ ಚುಕ್ಕೆಯಾಗಿ ಬೆಳಗುತ್ತವೆ. ಒಂದು ಜೊತೆ ಲೋಹಫಲಕಗಳು ಆ ಕಿರಣವನ್ನು, ಪರೀಕ್ಷಿಸಬೇಕಾದ ವಿದ್ಯುತ್ ಒತ್ತಡಕ್ಕೆ ಅನುಗುಣವಾಗಿ, ಮೇಲಕ್ಕೂ ಕೆಳಕ್ಕೂ ಬಾಗಿಸುತ್ತವೆ. ಇನ್ನೊಂದು ಜೊತೆ ಅದನ್ನು ಸಮವೇಗದಿಂದ ಎಡದಿಂದ ಬಲಕ್ಕೆ ಒಯ್ಯುತ್ತವೆ. ಎರಡು ಚಲನೆಗಳೂ ಕೂಡಿದಾಗ ಪರದೆಯ ಮೇಲೆ ಮೂಡುವುದು ಕಾಲದೊಡನೆ ಬದಲಾಗುವ ವಿದ್ಯುತ್ತಿನ ಚಿತ್ರ.

೨

ಇಂತಹ ನಳಿಗೆಯನ್ನು ಮೊದಲು ರಚಿಸಿದವನು ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಂಡ್ ಬ್ರೌನ್. ೧೮೯೭ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅವನು ಅದನ್ನು ನಿರ್ಮಿಸಿದನು. ೧೯೦೯ರಲ್ಲಿ ಮಾರ್ಕೋನಿಯೊಡನೆ ಅವನಿಗೆ ನೊಬೆಲ್ ಪಾರಿತೋಷಕ ದೊರೆತುದು ಈ ನಳಿಗೆಗಾಗಿ ಅಲ್ಲ, ನಿಸ್ತಂತು ತಂತಿವಾರ್ತೆಯ ಸಂಶೋಧನೆಗಾಗಿ. ಮುಂದೆ ಅಮೆರಿಕದಲ್ಲಿ ಆಲನ್ ಡುಮಾಂಟ್ ಎಂಬಾತನು ೧೯೩೧ರಲ್ಲಿ ಸ್ವಂತ ಪ್ರಯೋಗಾಲಯವನ್ನು ತೆರೆದು, ಅಲ್ಪಾಯುವಾಗಿದ್ದ ಈ ನಳಿಗೆಯನ್ನು ಬಹುಕಾಲ ಬಾಳುವಂತೆ ತಿದ್ದಿ, ಆಸಿಲೋಸ್ಕೋಪನ್ನು ಮಾರಾಟದ ವಸ್ತುವನ್ನಾಗಿ ಮಾಡಿದನು.

ಆದರೂ ಆ ಕಾಲದ ಉಪಕರಣಗಳಲ್ಲಿ ಒಂದು ನ್ಯೂನತೆಯಿದ್ದಿತು. ಕಿರಣವು ತನ್ನ ಪಾಡಿಗೆ ತಾನು ಎಡದಿಂದ ಬಲಕ್ಕೆ ಓಡುತ್ತಲೇ ಇರುತ್ತಿದ್ದುದರಿಂದ ಒಂದೇ ಸಮನೆ ಮರುಕಳಿಸುವ ಅಲೆಗಳು ಮಾತ್ರ ಪರದೆಯ ಮೇಲೆ ಸ್ಥಿರವಾಗಿ ನಿಲ್ಲುತ್ತಿದ್ದುವು. ಒಮ್ಮೆ ಮಿಂಚಿ ಮಾಯವಾಗುವ ಸ್ಪಂದನವನ್ನು ಹಿಡಿಯುವುದು ಕಷ್ಟ, ಅದರ ಅವಧಿಯನ್ನು ಅಳೆಯುವುದು ಇನ್ನೂ ಕಷ್ಟ. ಈ ನ್ಯೂನತೆಯನ್ನು ನೀಗಿದವನು ಹೋವರ್ಡ್ ವೋಲಮ್. ಆರೆಗಾನ್ ಪ್ರಾಂತದ ಪೋರ್ಟ್‌ಲೆಂಡ್ ನಗರದ ರೀಡ್ ಕಾಲೇಜಿನಲ್ಲಿ ೧೯೩೬ರಲ್ಲಿ ಪದವಿ ಪಡೆದ ಈತನು ಜಾಕ್ ಮರ್ಡಾಕ್ ಎಂಬ ವರ್ತಕನ ಅಂಗಡಿಯಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿ, ಇಂಗ್ಲೆಂಡಿನಲ್ಲಿ ರಾಡಾರ್ ಕಾರ್ಯದಲ್ಲಿ ತೊಡಗಿದ್ದನು. ಯುದ್ಧ ಮುಗಿದ ಮೇಲೆ ೧೯೪೬ರಲ್ಲಿ ವೋಲಮ್, ಮರ್ಡಾಕ್ ಮತ್ತು ಇನ್ನಿಬ್ಬರು ಸೇರಿ ಟೆಕ್ಟ್ರಾನಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ೧೯೪೭ರಲ್ಲಿ ಹೊರಬಂದ ಅದರ ೫೧೧ ಎಂಬ ಮಾದರಿಯ ಬೆಲೆ ೭೯೫ ಡಾಲರು. ಆಗಿನ ಪರಿಭಾಷೆಯಲ್ಲಿ ೧೦ ಮೆಗಾಸೈಕಲ್, ಅಂದರೆ ಸೆಕೆಂಡಿಗೆ ಒಂದು ಕೋಟಿ ಆವರ್ತಗಳವರೆಗಿನ ಅಲೆಯನ್ನು ಅದು ತೋರಿಸುತ್ತಿದ್ದಿತು. ಅದರಲ್ಲಿ ಕಿರಣವು ತಾನಾಗಿ ಓಡದು. ಸಂಕೇತ ಬರುವವರೆಗೆ ಕಾದಿದ್ದು, ಬಂದ ಕ್ಷಣದಲ್ಲಿ ಹೊರಡುವುದು. ಪರದೆಯ ಮೇಲಣ ಒಂದೊಂದು ಮನೆಗೆ ಇಷ್ಟು ಕಾಲ, ಇಷ್ಟು ವೋಲ್ಟ್ ಎಂಬ ನಿಯತ ಲೆಕ್ಕವೂ ಇದ್ದಿತು. ನೋಡುವ ಯಂತ್ರವಾಗಿದ್ದ ಆಸಿಲೋಸ್ಕೋಪು ಹೀಗೆ ಅಳೆಯುವ ಯಂತ್ರವಾಯಿತು.

ಈ ಸಂಸ್ಥೆಯ ಮೂಲಪುರುಷನು ದುರಸ್ತಿಯ ಮೇಜಿನಿಂದ ಎದ್ದುಬಂದವನೆಂಬ ಅಂಶ ಇಲ್ಲಿ ಗಮನಾರ್ಹ. ಅವನ ಕಾಲದ ಉಪಕರಣಗಳು, ಮುಂದೊಂದು ದಿನ ಯಾರೋ ತಮ್ಮನ್ನು ಬಿಚ್ಚುವರೆಂದು ತಿಳಿದೇ ಕಟ್ಟಲ್ಪಟ್ಟಂತೆ ತೋರುತ್ತವೆ.

೩

೧೯೫೪ರಲ್ಲಿ ಬಂದ ೫೩೫ ಮತ್ತು ೫೪೫ ಎಂಬ ಮಾದರಿಗಳು ಈ ಮಾತಿಗೆ ನಿದರ್ಶನ. ೫೪೫ ಸೆಕೆಂಡಿಗೆ ಮೂರು ಕೋಟಿ ಆವರ್ತಗಳವರೆಗೆ ಅಳೆಯಬಲ್ಲುದು. ಅದರ ಪಕ್ಕದ ಹಲಗೆಗಳನ್ನು ತೆರೆದರೆ ಒಳಗಿನ ಭಾಗಗಳೆಲ್ಲವೂ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಸಾಲಾಗಿ ನಿಂತಿರುತ್ತವೆ. ಬಿಡಿಭಾಗಗಳ ತಂತಿಗಳು ಪಿಂಗಾಣಿಯ ಪಟ್ಟಿಗಳ ಕಚ್ಚುಗಳಲ್ಲಿ ಬೆಸೆಯಲ್ಪಟ್ಟಿವೆ. ಆ ಕಚ್ಚುಗಳಿಗೆ ಬೆಳ್ಳಿಯ ಲೇಪವಿದೆ. ಸಾಮಾನ್ಯವಾದ ತವರ-ಸೀಸದ ಬೆಸುಗೆಯನ್ನು ಮತ್ತೆ ಮತ್ತೆ ಬಳಸಿದರೆ ಅದು ಆ ಬೆಳ್ಳಿಯನ್ನು ಕರಗಿಸಿಕೊಂಡು, ಲೇಪವು ಪಿಂಗಾಣಿಯಿಂದ ಬಿಟ್ಟುಬರುವಂತೆ ಮಾಡುತ್ತದೆ. ಆದುದರಿಂದ ಬೆಳ್ಳಿ ಬೆರೆತ ಬೆಸುಗೆತಂತಿಯ ಪುಟ್ಟ ಸುರುಳಿಯೊಂದನ್ನು ತಯಾರಕರು ಉಪಕರಣದ ಒಳಗೇ ಸಿಕ್ಕಿಸಿ ಕಳುಹಿಸುತ್ತಿದ್ದರು. ಎಷ್ಟೋ ವರ್ಷಗಳ ತರುವಾಯ ಪೆಟ್ಟಿಗೆಯನ್ನು ಬಿಚ್ಚಿದ ಹವ್ಯಾಸಿಗೆ ಆ ಸುರುಳಿ ಇಟ್ಟಲ್ಲಿಯೇ ಇರುವುದು ಕಂಡುಬರುವುದುಂಟು.

ಇನ್ನೊಂದು ಕೌಶಲವನ್ನೂ ಹೇಳಬೇಕು. ಸಂಕೇತ ಬಂದ ಮೇಲೆ ಕಿರಣ ಹೊರಡುವುದಾದರೆ, ಹೊರಡುವಷ್ಟರಲ್ಲಿ ಸಂಕೇತದ ಮೊದಲಂಚು ದಾಟಿಹೋಗಿರುತ್ತದೆಯಷ್ಟೆ. ಅದಕ್ಕಾಗಿ ೫೪೫ರಲ್ಲಿ ಸಂಕೇತವನ್ನು ಒಂದು ವಿಳಂಬಮಾರ್ಗದಲ್ಲಿ ಹಾಯಿಸಿ, ಸೆಕೆಂಡಿನ ಐವತ್ತು ಲಕ್ಷದಲ್ಲೊಂದು ಭಾಗದಷ್ಟು ಕಾಲ ತಡೆದು, ಆಮೇಲೆ ಫಲಕಗಳಿಗೆ ಬಿಡಲಾಗುತ್ತದೆ. ಆ ಮಾರ್ಗದುದ್ದಕ್ಕೂ ತಿರುಪಿನಿಂದ ಹೊಂದಿಸತಕ್ಕ ಅನೇಕ ಚಿಕ್ಕ ಕೆಪಾಸಿಟರುಗಳಿವೆ. ಒಂದನ್ನು ತಿರುಪಿದರೆ ಅದರ ಪರಿಣಾಮ ನೆರೆಯ ನಾಲ್ಕಕ್ಕೆ ತಾಗುತ್ತದೆ. ಅವೆಲ್ಲವನ್ನೂ ಹೊಂದಿಸಿ ಪರದೆಯ ಮೇಲಣ ಮೂಲೆಯನ್ನು ಅಲುಗದಂತೆ ನಿಲ್ಲಿಸುವುದು ತಾಳ್ಮೆಯ ಕೆಲಸ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಉಪಕರಣದೊಡನೆ ಬರುತ್ತಿದ್ದ ಕೈಪಿಡಿ. ಮಂಡಲದ ಪೂರ್ಣ ನಕ್ಷೆ, ಅದು ಕೆಲಸಮಾಡುವ ರೀತಿಯ ವಿವರಣೆ, ಹೊಂದಿಸುವ ಕ್ರಮ, ಬಿಡಿಭಾಗಗಳ ಪಟ್ಟಿ ಎಲ್ಲವೂ ಅದರಲ್ಲಿ ಅಡಕವಾಗಿರುತ್ತಿದ್ದುವು. ತಯಾರಕರು ಕಾಲಕಾಲಕ್ಕೆ ಮಾಡಿದ ಮಾರ್ಪಾಡುಗಳನ್ನು ಕೂಡ ಇಂತಹ ಕ್ರಮಾಂಕದಿಂದ ಇಂತಹ ಕ್ರಮಾಂಕದವರೆಗೆ ಎಂದು ಬೇರೆಬೇರೆಯಾಗಿ ನಮೂದಿಸುತ್ತಿದ್ದರು. ಈ ಕೈಪಿಡಿಗಳಿಲ್ಲದಿದ್ದರೆ ಈಗಿನ ಜೀರ್ಣೋದ್ಧಾರ ಕಾರ್ಯವು ಬಹುಮಟ್ಟಿಗೆ ಅಸಾಧ್ಯವಾಗುತ್ತಿದ್ದಿತು.

೪

ಹವ್ಯಾಸಿಗಳು ಅನುಸರಿಸುವ ವಿಧಾನವು ಅನುಭವದಿಂದ ಸಿದ್ಧವಾದದ್ದು. ಮೊದಲ ಕೆಲಸ ಶುಚಿಮಾಡುವುದು. ಹಳೆಯ ಧೂಳು ತೇವವನ್ನು ಹೀರಿ ವಿದ್ಯುತ್ತಿಗೆ ಕಳ್ಳದಾರಿಯಾಗುತ್ತದೆ. ಟೆಕ್ಟ್ರಾನಿಕ್ಸ್ ಸಂಸ್ಥೆಯ ದುರಸ್ತಿ ಕೇಂದ್ರಗಳಲ್ಲಿಯೇ ಉಪಕರಣಗಳನ್ನು ಸಾಬೂನಿನ ನೀರಿನಿಂದ ತೊಳೆದು, ಬೆಚ್ಚನೆಯ ಗೂಡಿನಲ್ಲಿ ಒಣಗಿಸುತ್ತಿದ್ದರೆಂಬುದು ಹೊಸಬರಿಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿ. ಎರಡನೆಯದು ವಿದ್ಯುತ್ ಸರಬರಾಯಿಯ ಪರೀಕ್ಷೆ. ೫೪೫ರಲ್ಲಿ ಋಣ ೧೫೦ ವೋಲ್ಟಿನ ಒಂದು ಒತ್ತಡವಿದೆ. ಧನ ೧೦೦, ೨೨೫, ೩೫೦, ೫೦೦ ವೋಲ್ಟುಗಳ ಉಳಿದೆಲ್ಲ ಒತ್ತಡಗಳೂ ಅದನ್ನೇ ಪ್ರಮಾಣವಾಗಿಟ್ಟುಕೊಂಡಿವೆ. ಅದೊಂದು ತಪ್ಪಿದರೆ ಮಿಕ್ಕುದೆಲ್ಲವೂ ತಪ್ಪುತ್ತದೆ. ಆದಕಾರಣ ತಿಳಿದವರು ಮೊದಲು ಅಳೆಯುವುದು ಅದನ್ನೇ. ಮೊದಲು ಸಾಯುವ ಭಾಗ ಸಾಮಾನ್ಯವಾಗಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರು. ಅದರೊಳಗಿನ ದ್ರವ ಕಾಲಕ್ರಮದಲ್ಲಿ ಆರಿಹೋಗುತ್ತದೆ.

ವಾಲ್ವುಗಳ ವಿಷಯದಲ್ಲಿ ಅವಸರ ಕೂಡದು. ಎಲ್ಲವನ್ನೂ ಒಮ್ಮೆಗೇ ಕಿತ್ತು ಹೊಸದನ್ನು ಹಾಕಬಾರದೆಂದು ಕೈಪಿಡಿಗಳೇ ಎಚ್ಚರಿಸುತ್ತವೆ. ವಾಲ್ವು ತನ್ನ ಮಂಡಲದಲ್ಲಿ ಸರಿಯಾಗಿ ಕೆಲಸಮಾಡುತ್ತಿದ್ದರೆ ಅದಕ್ಕಿಂತ ಮಿಗಿಲಾದ ಪರೀಕ್ಷೆ ಬೇರಿಲ್ಲ. ಪ್ರಾಣಾಪಾಯದ ಮಾತನ್ನೂ ಮರೆಯುವಂತಿಲ್ಲ: ೫೪೫ರ ಚಿತ್ರನಳಿಗೆಗೆ ಒಟ್ಟು ೧೦,೦೦೦ ವೋಲ್ಟಿನ ಒತ್ತಡ ಬೇಕು, ಮತ್ತು ಗುಂಡಿಯನ್ನು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದು.

ಅತ್ಯಂತ ಕಠಿನವಾದ ವ್ಯಾಧಿ ಅಧಿಕ ಒತ್ತಡದ ಟ್ರಾನ್ಸ್‌ಫಾರ್ಮರಿನದು. ಕೆಲವು ವರ್ಷಗಳ ತಯಾರಿಕೆಯಲ್ಲಿ ಅದನ್ನು ಎಪಾಕ್ಸಿ ರಾಳದಲ್ಲಿ ಹುದುಗಿಸಿದ್ದರು. ಅಂಥದು ತಣ್ಣಗಿರುವಾಗ ಸರಿಯಾಗಿ ನಡೆದು, ಬಿಸಿಯೇರಿದಂತೆ ಶಕ್ತಿಯನ್ನು ನುಂಗತೊಡಗುತ್ತದೆ. ಅರ್ಧ ಗಂಟೆಯೊಳಗೆ ಪರದೆಯ ಮೇಲಣ ಗೆರೆ ಉಬ್ಬಿ, ಮಸುಕಾಗಿ, ಕೊನೆಗೆ ಆರಿಹೋಗುತ್ತದೆ. ಬದಲಿ ಭಾಗ ಅಂಗಡಿಯಲ್ಲಿ ಸಿಗತಕ್ಕದ್ದಲ್ಲ. ಕೆಲವು ಹವ್ಯಾಸಿಗಳು ಕೆಟ್ಟದ್ದನ್ನು ಬಿಚ್ಚಿ, ಸುತ್ತುಗಳನ್ನೆಣಿಸಿ, ತಾವೇ ಹೊಸದಾಗಿ ಸುತ್ತುವುದನ್ನು ಕಲಿತಿದ್ದಾರೆ. ತಯಾರಕರೇ ಕೈಬಿಟ್ಟ ಒಂದು ವಿದ್ಯೆ ಹೀಗೆ ಹವ್ಯಾಸಿಗಳ ಮನೆಗಳಲ್ಲಿ ಮುಂದುವರಿದಿದೆ.

೫

ಇಲ್ಲಿ ಒಂದು ವಿವಾದಾಸ್ಪದವಾದ ಪ್ರಶ್ನೆ ಏಳುತ್ತದೆ. ಹಳೆಯ ಉಪಕರಣವನ್ನು ಎಷ್ಟರಮಟ್ಟಿಗೆ ಹೊಸದು ಮಾಡಬಹುದು? ಕೆಟ್ಟಿರಲಿ ಬಿಡಲಿ, ಹಳೆಯ ಕೆಪಾಸಿಟರುಗಳೆಲ್ಲವನ್ನೂ ತೆಗೆದುಹಾಕಿ ಯಂತ್ರ ನಿಶ್ಚಿಂತೆಯಿಂದ ನಡೆಯುವಂತೆ ಮಾಡಬೇಕೆಂಬುದು ಒಂದು ಪಕ್ಷ. ಕೆಟ್ಟುದೆಂದು ಅಳೆದು ಸಿದ್ಧಪಡಿಸಿದ ಭಾಗವನ್ನು ಮಾತ್ರ ಬದಲಿಸಬೇಕೆಂಬುದು ಇನ್ನೊಂದು. ಹೊಸ ಭಾಗವನ್ನು ಹಳೆಯದರ ಟೊಳ್ಳು ಡಬ್ಬಿಯೊಳಗೆ ಅಡಗಿಸಿ ಹೊರಗಿನ ರೂಪವನ್ನು ಉಳಿಸಬೇಕೆಂಬುದು ಮೂರನೆಯದು.

ಕನ್ನಡದ ಪ್ರಾಚೀನ ಕಾವ್ಯಗಳನ್ನು ಸಂಪಾದಿಸಿದವರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಓಲೆಯಲ್ಲಿ ಅಕ್ಷರ ಜಾರಿದೆಡೆಯಲ್ಲಿ ಊಹಿಸಿ ತುಂಬಬೇಕೆ, ಚುಕ್ಕೆಯಿಟ್ಟು ಬಿಡಬೇಕೆ? ಕ್ರಮಾಂಕವಾರು ಬದಲಾದ ನಕ್ಷೆಗಳು ಪಾಠಾಂತರಗಳಂತೆ. ನಡುವೆ ಯಾವನೋ ದುರಸ್ತಿಗಾರನು ಅಜ್ಞಾನದಿಂದ ಹಾಕಿದ ಭಾಗವು ಲಿಪಿಕಾರನ ಕೈತಪ್ಪಿನಂತೆ. ಆದರೆ ಅವನು ಕೈಪಿಡಿಯನ್ನು ಮೀರಿ ಜಾಣತನದಿಂದ ಮಾಡಿದ ತಿದ್ದುಪಡಿಯೂ ಇರಬಹುದು. ಎರಡನ್ನೂ ಬೇರ್ಪಡಿಸುವ ವಿವೇಕವೇ ಸಂಪಾದಕನ ಲಕ್ಷಣ. ಆದಕಾರಣ ಎರಡನೆಯ ಪಕ್ಷವೇ ಯುಕ್ತವೆಂದು ತೋರುತ್ತದೆ. ಅಳೆಯದೆ ಬದಲಿಸಿದವನಿಗೆ ರೋಗವಾವುದೆಂದು ತಿಳಿಯದು. ಯಂತ್ರ ನಡೆದರೂ ಅದರ ಪಾಠ ಕಳೆದುಹೋಗುತ್ತದೆ. ಬದಲಿಸಿದ ಭಾಗಕ್ಕೆ ಗುರುತಿಟ್ಟು, ತೆಗೆದುದನ್ನು ಚೀಟಿಯೊಡನೆ ಕಾಯ್ದಿಡುವ ಹವ್ಯಾಸಿಯು ಅಡಿಟಿಪ್ಪಣಿ ಬರೆಯುವ ಸಂಪಾದಕನಿಗೆ ಸಮಾನ.

ಈ ವ್ಯಾಸಂಗದ ಫಲವನ್ನು ಬಲ್ಲವರಲ್ಲಿ ಜಿಮ್ ವಿಲಿಯಮ್ಸ್ (೧೯೪೮-೨೦೧೧) ಪ್ರಸಿದ್ಧನು. ಅನಲಾಗ್ ಮಂಡಲಗಳ ವಿನ್ಯಾಸದಲ್ಲಿ ಹೆಸರಾದ ಈತನು ಹಳೆಯ ಆಸಿಲೋಸ್ಕೋಪುಗಳನ್ನು ಸಂಗ್ರಹಿಸಿ ದುರಸ್ತಿಮಾಡುತ್ತಿದ್ದನು. ದುರಸ್ತಿಯ ಮಹತ್ತ್ವವನ್ನು ಕುರಿತೇ ೧೯೯೫ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಇನ್ನೊಬ್ಬರ ರಚನೆ ಎಲ್ಲಿ ಕೆಟ್ಟಿದೆಯೆಂದು ಹುಡುಕುವವನು ಅದು ಏಕೆ ಹಾಗೆ ರಚಿತವಾಯಿತೆಂಬುದನ್ನು ಅರಿಯದೆ ಗತ್ಯಂತರವಿಲ್ಲ. ಅವನ ನಿಧನಾನಂತರ ಸಾಮಗ್ರಿಗಳಿಂದ ಕಿಕ್ಕಿರಿದ ಅವನ ಕೆಲಸದ ಮೇಜನ್ನೇ ಕ್ಯಾಲಿಫೋರ್ನಿಯದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು.

೬

ಈ ಆಕರಗಳ ಆಯುಸ್ಸು ಅಕ್ಷಯವಲ್ಲ. ಟೆಕ್ಟ್ರಾನಿಕ್ಸ್ ತನ್ನ ಚಿತ್ರನಳಿಗೆಗಳನ್ನು ತಾನೇ ತಯಾರಿಸುತ್ತಿದ್ದಿತು. ಆ ತಯಾರಿಕೆ ನಿಂತು ಬಹುಕಾಲವಾಯಿತು. ಒಡೆದ ನಳಿಗೆಗೆ ಮತ್ತೊಂದು ಹಳೆಯ ಉಪಕರಣದ ನಳಿಗೆಯೇ ಗತಿ. ೧೯೬೦ರ ದಶಕದ ಮಾದರಿಗಳಲ್ಲಿ ಬಳಸಿದ ಟನಲ್ ಡಯೋಡುಗಳೂ ದುರ್ಲಭವಾಗಿವೆ. ಮೂರು ಸತ್ತ ಯಂತ್ರಗಳಿಂದ ಒಂದು ಬದುಕುತ್ತದೆ. ಪ್ರತಿಸಲವೂ ಒಟ್ಟು ಸಂಖ್ಯೆ ಕುಗ್ಗುತ್ತದೆ.

ವಿಚಿತ್ರವೆಂದರೆ, ಹಳೆಯದಕ್ಕಿಂತ ತರುವಾಯದ್ದೇ ಬೇಗ ನಶಿಸುವ ಸಂಭವವಿದೆ. ೧೯೫೪ರ ೫೪೫ರಲ್ಲಿ ಹೊಂದಿಸಿದ ಪ್ರಮಾಣವು ತಿರುಪುಮೊಳೆಯ ನಿಲುವಿನಲ್ಲಿ ಉಳಿದಿರುತ್ತದೆ. ೧೯೮೦ರ ದಶಕದ ೨೪೬೫ಬಿ ಮಾದರಿಯಲ್ಲಿಯಾದರೋ ಆ ಪ್ರಮಾಣಗಳು ಬ್ಯಾಟರಿಯ ಆಸರೆಯಿರುವ ಸ್ಮೃತಿಯಲ್ಲಿ ಅಂಕೆಗಳಾಗಿವೆ. ಬ್ಯಾಟರಿ ಸತ್ತ ದಿನ ಅವೆಲ್ಲವೂ ಅಳಿಸಿಹೋಗುತ್ತವೆ. ಅದರ ಮುಖ್ಯ ಕಾರ್ಯಗಳು ಆ ಸಂಸ್ಥೆಯೇ ತನಗಾಗಿ ಮಾಡಿಕೊಂಡ ಮುಚ್ಚಿದ ಚಿಪ್ಪುಗಳಲ್ಲಿರುವುದರಿಂದ ಕೈಯಿಂದ ಸರಿಪಡಿಸುವುದಕ್ಕೂ ಎಡೆ ಕಡಮೆ. ೧೯೯೦ರ ದಶಕದಿಂದೀಚೆಗೆ ಪೂರ್ಣ ನಕ್ಷೆಯನ್ನು ಕೊಡುವ ಪದ್ಧತಿಯೂ ಈ ಉದ್ಯಮದಲ್ಲಿ ಬಹುಮಟ್ಟಿಗೆ ನಿಂತಿತು. ಹೊಸ ಉಪಕರಣಗಳ ಸಾಮರ್ಥ್ಯ ಹಳೆಯವುಗಳಿಗಿಂತ ಎಷ್ಟೋ ಮಡಿ ಹೆಚ್ಚು ಎಂಬುದರಲ್ಲಿ ಸಂದೇಹವಿಲ್ಲ. ಅವುಗಳನ್ನು ಐವತ್ತು ವರ್ಷಗಳ ಬಳಿಕ ಯಾರಾದರೂ ಓದಬಲ್ಲರೇ ಎಂಬುದು ಸಂದೇಹ.

ಈ ಅಪಾಯವನ್ನರಿತವರು ಆರೆಗಾನಿನಲ್ಲಿ ೨೦೧೧ರಲ್ಲಿ ವಿಂಟೇಜ್‌ಟೆಕ್ ಎಂಬ ಸಂಗ್ರಹಾಲಯವನ್ನು ಸ್ಥಾಪಿಸಿ, ಸ್ವಯಂಸೇವಕರ ನೆರವಿನಿಂದ ಹಳೆಯ ಉಪಕರಣಗಳನ್ನು ನಡೆಯುವ ಸ್ಥಿತಿಯಲ್ಲಿ ಕಾಪಾಡುತ್ತಿದ್ದಾರೆ. ಬೀವರ್ಟನ್ನಿನ ಟೆಕ್ಟ್ರಾನಿಕ್ಸ್ ಆವರಣದ ಒಂದು ಬೀದಿಗೆ ಕಾರ್ಲ್ ಬ್ರೌನನ ಹೆಸರಿದೆ.

ನಮ್ಮ ದೇಶಕ್ಕೂ ಈ ಇತಿಹಾಸದಲ್ಲಿ ಒಂದು ಪಾಲುಂಟು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೦ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಿತು; ಅದರ ಮುದ್ರೆಯುಳ್ಳ ವಾಲ್ವುಗಳು ಹಳೆಯ ಯಂತ್ರಗಳ ಹವ್ಯಾಸಿಗಳಿಗೆ ಇನ್ನೂ ಉಪಯುಕ್ತವಾಗಿವೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಬೀದಿ, ದೆಹಲಿಯ ಲಜಪತರಾಯ್ ಮಾರುಕಟ್ಟೆ, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಇವು ವಿದ್ಯುನ್ಮಾನದ ಬಿಡಿಭಾಗಗಳನ್ನು ಹುಡುಕುವವರಿಗೆ ಪರಿಚಿತವಾದ ಸ್ಥಳಗಳು. ಕಾಲೇಜುಗಳೂ ಪ್ರಯೋಗಾಲಯಗಳೂ ಹಳೆಯ ಉಪಕರಣಗಳನ್ನು ಹರಾಜು ಹಾಕುವಾಗ ಯಂತ್ರ ಒಂದು ಕಡೆಗೆ, ಕೈಪಿಡಿ ರದ್ದಿಯ ಕಡೆಗೆ ಹೋಗುವುದುಂಟು. ಅವೆರಡನ್ನೂ ಅಗಲಿಸದೆ, ದುರಸ್ತಿಯ ದಾಖಲೆಯಿದ್ದರೆ ಅದನ್ನೂ ಜೊತೆಗಿಟ್ಟು, ತಿಳಿದವರ ಕೈಗೆ ಒಪ್ಪಿಸುವುದು ಹೆಚ್ಚು ವೆಚ್ಚದ ಮಾತಲ್ಲ. ಓಲೆಗಳನ್ನು ಅಟ್ಟದಿಂದಿಳಿಸಿ ಗೆದ್ದಲಿನ ಬಾಯಿಂದ ಉಳಿಸಿದ ಹಿರಿಯರ ಶ್ರಮವನ್ನು ಬಲ್ಲ ಸಮಾಜಕ್ಕೆ ಈ ಕರ್ತವ್ಯವನ್ನು ವಿಸ್ತಾರವಾಗಿ ಹೇಳಬೇಕಾಗಿಲ್ಲ.