ಉಗ್ರಾಣದ ಬಾಗಿಲೂ ಮೂರು ತಲೆಯ ನಾಯಿಯೂ

೧೮೩೭ರಲ್ಲಿ ಅಮರಸುಳ್ಯ ಸೀಮೆಯಲ್ಲಿ ಎದ್ದ ದಂಗೆಯ ಕಥೆ ಪುತ್ತೂರು, ಸುಳ್ಯ, ಕಡಬಗಳ ಜನರಿಗೆ ಹೊಸತಲ್ಲ. ೧೮೩೪ರಲ್ಲಿ ಕುಂಪಣಿಯವರು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ, ಅವನ ಕೈಯಲ್ಲಿದ್ದ ಘಟ್ಟದ ಕೆಳಗಿನ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. ಜನ ಕೆರಳಿದರು. ಆಗ ಕೆದಂಬಾಡಿ ರಾಮಯ್ಯ ಗೌಡರು ಮೊದಲಾದ ಮುಖಂಡರು ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನೆಂಬವನನ್ನು ಮುಂದೆ ನಿಲ್ಲಿಸಿ, ಕಲ್ಯಾಣಸ್ವಾಮಿಯೇ ಇವನು ಎಂದು ಸಾರಿದರು. ಜನ ಒಪ್ಪಿಕೊಂಡರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ದಂಡು ಮಂಗಳೂರಿನವರೆಗೂ ನಡೆಯಿತು. ದಂಗೆಯ ನ್ಯಾಯಾನ್ಯಾಯ ಇಲ್ಲಿ ನಮಗೆ ಪ್ರಕೃತವಲ್ಲ. ಎದುರಿಗೆ ನಿಂತವನು ಯಾರೆಂಬುದನ್ನು ಜನ ಅವನ ಮುಖ ನೋಡಿ ತಿಳಿಯಲಿಲ್ಲ, ತಮಗೆ ನಂಬಿಕೆಯುಳ್ಳ ಇನ್ನೊಬ್ಬರ ಮಾತಿನಿಂದ ತಿಳಿದರು ಎಂಬಷ್ಟನ್ನು ಮಾತ್ರ ಗಮನಿಸೋಣ.

‘ನೀನು ಯಾರು? ನಿನ್ನನ್ನು ಬಲ್ಲವರು ಯಾರು? ಇಲ್ಲಿ ನೀನು ಏನನ್ನು ಮುಟ್ಟಬಹುದು?’ ಈ ಮೂರು ಪ್ರಶ್ನೆಗಳು ರಾಜ್ಯಭಾರದಷ್ಟೇ ಹಳೆಯವು. ವಿಜಯನಗರದ ತಾಮ್ರಶಾಸನಗಳನ್ನು ನೋಡಿದವರು ಬಲ್ಲರು: ಶಾಸನದ ಪಾಠ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಗೆ ಅರಸನ ಒಪ್ಪ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿರುತ್ತದೆ. ಆ ಒಪ್ಪವಿಲ್ಲದೆ ತಗಡು ಬರಿಯ ತಗಡು. ಇಂದು ಅದೇ ಪ್ರಶ್ನೆಗಳನ್ನು ಗಣಕಯಂತ್ರಗಳು ಒಂದನ್ನೊಂದು ಕೇಳುತ್ತವೆ, ದಿನಕ್ಕೆ ಸಾವಿರಾರು ಸಲ.

ನಮ್ಮ ಕಡೆಯ ಒಂದು ಸಣ್ಣ ಸಹಕಾರಿ ಸಂಘದ ಕಚೇರಿಯನ್ನು ಊಹಿಸಿಕೊಳ್ಳಿ. ಗುಮಾಸ್ತರ ಮೇಜಿನ ಮೇಲೆ ವಿಂಡೋಸ್ ಯಂತ್ರಗಳು. ಒಳಕೋಣೆಯಲ್ಲಿ ಯುನಿಕ್ಸ್ ವಂಶದ ಒಂದು ಸರ್ವರ್, ಬಹುಶಃ ಲಿನಕ್ಸ್. ಸದಸ್ಯರ ಸಾಲದ ಕಡತ, ಅಡಿಕೆಯ ಲೆಕ್ಕ, ಸಭಾನಡಾವಳಿ, ಎಲ್ಲವೂ ಆ ಉಗ್ರಾಣದಲ್ಲಿ. ಒಂದು ಸೋಮವಾರ ಬೆಳಿಗ್ಗೆ ಗುಮಾಸ್ತರು ಪಾಸ್‌ವರ್ಡ್ ಒತ್ತುತ್ತಾರೆ; ತಮ್ಮ ಯಂತ್ರ ತೆರೆಯುತ್ತದೆ. ಉಗ್ರಾಣದ ಫೋಲ್ಡರನ್ನು ತೆರೆಯಹೋದರೆ ‘ಪ್ರವೇಶವಿಲ್ಲ’ ಎಂಬ ಉತ್ತರ. ಪಾಸ್‌ವರ್ಡ್ ತಪ್ಪಲ್ಲ, ತಂತಿ ಕಡಿದಿಲ್ಲ, ಕಡತ ಕಳೆದಿಲ್ಲ. ಹೊರಗೆ ಸಾಲದ ಪತ್ರಕ್ಕಾಗಿ ಬಂದವರು ಬೆಂಚಿನ ಮೇಲೆ ಕಾದಿದ್ದಾರೆ. ಹೀಗೇಕಾಗುತ್ತದೆ?

ಕಾರಣ ತಿಳಿಯಬೇಕಾದರೆ ಎರಡು ಮನೆತನಗಳ ಚರಿತ್ರೆಯನ್ನು ನೋಡಬೇಕು. ಯುನಿಕ್ಸ್ ಹುಟ್ಟಿದ್ದು ೧೯೬೯ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಎಂಬವರು ಅದರ ಕರ್ತೃಗಳು. ಒಂದು ಯಂತ್ರ, ಅದರ ಸುತ್ತ ಹಲವರು ಎಂಬುದು ಅಲ್ಲಿಯ ಸಂಸಾರ. ಒಬ್ಬೊಬ್ಬರಿಗೆ ಒಂದು ಅಂಕೆ, ಯಜಮಾನನಿಗೆ ಸೊನ್ನೆ. ಹೆಸರು ನಮ್ಮ ಅನುಕೂಲಕ್ಕೆ. ಯಂತ್ರ ನೋಡುವುದು ಅಂಕೆಯನ್ನು. ವಿಂಡೋಸ್ ಎನ್.ಟಿ. ಬಂದದ್ದು ೧೯೯೩ರಲ್ಲಿ. ಅದರ ಕಲ್ಪನೆ ಬೇರೆ. ಅಲ್ಲಿ ಯಂತ್ರಗಳೆಲ್ಲ ಸೇರಿ ಒಂದು ಸೀಮೆ, ಅವರ ಮಾತಿನಲ್ಲಿ ಡೊಮೇನ್. ಸೀಮೆಗೆ ಒಬ್ಬ ಪಟೇಲ. ಎಲ್ಲರ ಗುಟ್ಟು ಅವನಲ್ಲಿ. ಒಬ್ಬೊಬ್ಬರಿಗೂ ಒಂದು ಉದ್ದನೆಯ ಅಂಕೆ: ಮೊದಲ ಭಾಗ ಸೀಮೆಯದು, ಕೊನೆಯ ಭಾಗ ವ್ಯಕ್ತಿಯದು.

ಹೆಸರು ಸಾಲದೆ ಅಂಕೆ ಏಕೆ ಎಂದು ಕೇಳುವವರಿಗೆ ನಮ್ಮ ಕಡಬವೇ ಉತ್ತರ. ಕುಮಾರಧಾರೆಯ ಸೀಮೆಯಲ್ಲಿ ಒಂದು ಕಡಬ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಇನ್ನೊಂದು. ಕಾಗದದ ಮೇಲೆ ಬರಿಯ ‘ಕಡಬ’ ಎಂದು ಬರೆದರೆ ಅಂಚೆಯವರು ಏನು ಮಾಡಬೇಕು? ೧೯೭೨ರಲ್ಲಿ ಪಿನ್‌ಕೋಡ್ ಬಂದ ಮೇಲೆ ಆ ಗೊಂದಲ ತೀರಿತು.

ಎರಡು ಮನೆತನಗಳಿಗೆ ಮಾತುಕತೆ ಬೆಳೆದ ಬಗೆ ಸ್ವಾರಸ್ಯವಾದುದು. ಯಂತ್ರದಿಂದ ಯಂತ್ರಕ್ಕೆ ಕಡತ ಹಂಚುವ ‘ಎಸ್.ಎಂ.ಬಿ.’ ಎಂಬ ಭಾಷೆಯನ್ನು ೧೯೮೦ರ ದಶಕದ ಆರಂಭದಲ್ಲಿ ಐ.ಬಿ.ಎಂ. ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ಎಂಬವರು ರಚಿಸಿದರು; ಮೈಕ್ರೋಸಾಫ್ಟ್ ಅದನ್ನು ಎತ್ತಿಕೊಂಡು ಬೆಳೆಸಿತು. ಯುನಿಕ್ಸಿನವರಿಗೆ ಅದು ತಿಳಿಯದು. ೧೯೯೧ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ವಿದ್ಯಾರ್ಥಿ ತನ್ನ ಸ್ವಂತದ ಸಣ್ಣ ಅಗತ್ಯಕ್ಕಾಗಿ ಆ ಭಾಷೆಯನ್ನು ಕಲಿಯತೊಡಗಿದ. ವ್ಯಾಕರಣದ ಪುಸ್ತಕ ಕೈಯಲ್ಲಿಲ್ಲ. ಎರಡು ಯಂತ್ರಗಳ ನಡುವೆ ತಂತಿಯಲ್ಲಿ ಹರಿಯುವ ಮಾತುಗಳನ್ನು ಆಲಿಸಿ, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಗುರುತಿಸಿದ. ಫ್ರೆಂಚ್ ಬಾರದವನು ಫ್ರಾನ್ಸಿನ ಕಾಫಿ ಅಂಗಡಿಯಲ್ಲಿ ಕುಳಿತು ಊಟ ತರಿಸುವ ಮಾತನ್ನು ಕಲಿತ ಹಾಗೆ ಎಂದು ಅವನೇ ಈ ವಿಧಾನವನ್ನು ವರ್ಣಿಸಿದ್ದುಂಟು. ಬಯಲುಸೀಮೆಯಿಂದ ವರ್ಗವಾಗಿ ಸುಳ್ಯಕ್ಕೆ ಬಂದ ಉಪಾಧ್ಯಾಯರು ತುಳುವನ್ನೂ ಅರೆಭಾಷೆಯನ್ನೂ ಕಲಿಯುವುದು ಇದೇ ಕ್ರಮದಲ್ಲಲ್ಲವೆ? ಹೋಟೆಲಿನ ಬೆಂಚೇ ಪಾಠಶಾಲೆ. ತನ್ನ ತಂತ್ರಾಂಶಕ್ಕೆ ಹೆಸರು ಬೇಕಾದಾಗ ಟ್ರಿಡ್ಜೆಲ್ ಯಂತ್ರದೊಳಗಿನ ಶಬ್ದಪಟ್ಟಿಯಲ್ಲಿ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ಹುಡುಕಿದ, ‘ಸಾಂಬಾ’ ದೊರೆಯಿತು. ಬ್ರೆಜಿಲಿನ ನೃತ್ಯದ ಹೆಸರು ಅದು. ನಮ್ಮ ಕಿವಿಗೆ ಸಾಂಬಶಿವನ ನೆನಪಾದರೆ ಅಪರಾಧವಲ್ಲ.

ಭಾಷೆ ಕಲಿತದ್ದಾಯಿತು, ನಂಬಿಕೆ? ಹಳೆಯ ವಿಂಡೋಸ್ ಸೀಮೆಯಲ್ಲಿ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳುವುದಿಲ್ಲ. ಉಗ್ರಾಣ ಒಂದು ಒಗಟು ಒಡ್ಡುತ್ತದೆ. ಬಂದವನು ತನ್ನ ಗುಟ್ಟಿನೊಡನೆ ಅದನ್ನು ಕಲಸಿ ಉತ್ತರ ಕೊಡುತ್ತಾನೆ. ಉತ್ತರ ಸರಿಯೋ ಎಂದು ಉಗ್ರಾಣ ಪಟೇಲನನ್ನು ಕೇಳುತ್ತದೆ. ಎನ್.ಟಿ.ಎಲ್.ಎಂ. ಎಂಬುದು ಈ ಕ್ರಮದ ಹೆಸರು. ಇದರ ಪೂರ್ವಜನಾದ ಲ್ಯಾನ್ ಮ್ಯಾನೇಜರ್ ಕ್ರಮ ಬಹಳ ದುರ್ಬಲ: ಹದಿನಾಲ್ಕು ಅಕ್ಷರಗಳ ಗುಟ್ಟನ್ನು ಏಳೇಳಾಗಿ ಸೀಳಿ, ಸಣ್ಣಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡಿ ಇಡುತ್ತಿತ್ತು. ಕಳ್ಳನಿಗೆ ಒಂದು ಬೀಗದ ಬದಲು ಎರಡು ಅರೆಬೀಗಗಳು!

ಇದಕ್ಕಿಂತ ಗಟ್ಟಿಯಾದ ಕ್ರಮ ಬೇರೆಡೆಯಲ್ಲಿ ಸಿದ್ಧವಾಗಿತ್ತು. ೧೯೭೮ರಲ್ಲಿ ನೀಡಮ್, ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ವಿಧಾನವನ್ನು ಆಧರಿಸಿ ಅಮೆರಿಕದ ಎಂ.ಐ.ಟಿ.ಯವರು ೧೯೮೩ರಲ್ಲಿ ಆರಂಭಿಸಿದ ಅಥೀನಾ ಯೋಜನೆಯಲ್ಲಿ ಇದನ್ನು ಬೆಳೆಸಿದರು. ಗ್ರೀಕರ ಪುರಾಣದಲ್ಲಿ ಯಮಲೋಕದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರೇ ಇದಕ್ಕೂ: ಕರ್ಬೆರೋಸ್. (ನಮ್ಮ ಯಮನಿಗೂ ನಾಲ್ಕು ಕಣ್ಣಿನ ಎರಡು ನಾಯಿಗಳುಂಟು, ಪುರಾಣಗಳು ಎಲ್ಲಿಂದ ಎಲ್ಲಿಗೋ ಸಂಬಂಧ ಇಟ್ಟುಕೊಂಡಿರುತ್ತವೆ.) ಇಲ್ಲಿ ಮೂರು ಪಕ್ಷಗಳು: ಕೇಳುವವನು, ಉಗ್ರಾಣ, ಇಬ್ಬರೂ ನಂಬಿದ ಪಟೇಲ. ಪಟೇಲ ಮುಂಚಿತವಾಗಿಯೇ ಒಂದು ಚೀಟಿ ಬರೆದುಕೊಡುತ್ತಾನೆ. ಅದನ್ನು ಉಗ್ರಾಣದ ಗುಟ್ಟಿನಿಂದಲೇ ಮುದ್ರೆ ಹಾಕಿರುವುದರಿಂದ ಉಗ್ರಾಣವೊಂದೇ ಅದನ್ನು ಬಿಚ್ಚಬಲ್ಲುದು. ಆಟದ ಟೆಂಟಿನ ಟಿಕೀಟಿನಂತೆ ಅದಕ್ಕೆ ಹೊತ್ತು ಗೊತ್ತುಂಟು. ವಿಂಡೋಸ್ ಸೀಮೆಯಲ್ಲಿ ಸಾಮಾನ್ಯವಾಗಿ ಹತ್ತು ಗಂಟೆ. ೨೦೦೦ದ ಫೆಬ್ರವರಿಯಲ್ಲಿ ವಿಂಡೋಸ್ ೨೦೦೦ ಹೊರಬಂದಾಗ ಮೈಕ್ರೋಸಾಫ್ಟ್ ಈ ನಾಯಿಯನ್ನೇ ತನ್ನ ಬಾಗಿಲಿಗೆ ಕಟ್ಟಿತು.

ನಮ್ಮ ಗುಮಾಸ್ತರ ಸೋಮವಾರದ ತೊಂದರೆಗೆ ಮೂಲ ಇಲ್ಲಿದೆ. ಒಬ್ಬರ ಚೀಟಿಯನ್ನು ದಾರಿಯಲ್ಲಿ ನಕಲು ಮಾಡಿ ಇನ್ನೊಬ್ಬರು ಮತ್ತೆ ತೋರಿಸಬಾರದೆಂದು ಕೇಳಿಕೆಯ ಜೊತೆಗೆ ಗಳಿಗೆಯನ್ನು ಬರೆದಿರುತ್ತಾರೆ. ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಂತೋ, ಚೀಟಿ ನಿಜವಾದರೂ ನಾಯಿ ಬಿಡದು. ಆಕಾಶವಾಣಿಯ ಸಮಯಸೂಚನೆ ಕೇಳಿ ಗೋಡೆಯ ಗಡಿಯಾರವನ್ನು ಸರಿಪಡಿಸಿಕೊಂಡ ಮನೆಗಳಿಗೆ ಈ ನಿಯಮವನ್ನು ವಿವರಿಸಬೇಕಾಗಿಲ್ಲ. ಘಟ್ಟದ ಬುಡದ ನಮ್ಮ ಊರುಗಳಲ್ಲಿ ಮುಂಗಾರಿನ ಮೊದಲೂ ತುಲಾಮಾಸದಲ್ಲೂ ಸಿಡಿಲಿನ ಆರ್ಭಟ, ಕರೆಂಟಿನ ಕಣ್ಣಾಮುಚ್ಚಾಲೆ. ಹಳೆಯ ಸರ್ವರಿನೊಳಗಿನ ಗುಂಡಿಯಂಥ ಬ್ಯಾಟರಿ ಸತ್ತಿದ್ದರೆ, ಕರೆಂಟು ಬಂದಾಗ ಯಂತ್ರ ಯಾವುದೋ ಕಾಲದಲ್ಲಿ ಎಚ್ಚರಗೊಳ್ಳುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಗಡಿಯಾರ.

ಎರಡನೆಯದು ಹೆಸರು. ಚೀಟಿಯನ್ನು ಉಗ್ರಾಣದ ಹೆಸರಿಗೆ ಬರೆದಿರುತ್ತದೆ. ಬರಿಯ ಅಂಕೆಯ ವಿಳಾಸದಿಂದಲೋ ಅಡ್ಡಹೆಸರಿನಿಂದಲೋ ಕರೆದರೆ ಪಟೇಲನ ಪುಸ್ತಕದಲ್ಲಿ ಆ ಹೆಸರು ಸಿಕ್ಕದೆ ಚೀಟಿ ದೊರೆಯದು. ಯಂತ್ರ ಸದ್ದಿಲ್ಲದೆ ಹಳೆಯ ಒಗಟಿನ ಕ್ರಮಕ್ಕೆ ಜಾರುತ್ತದೆ. ಆ ಕ್ರಮವನ್ನು ಮುಚ್ಚಿದ್ದರೆ ಬಾಗಿಲೂ ಮುಚ್ಚಿತು.

ಮೂರನೆಯದನ್ನು ಬಹುಮಂದಿ ಮರೆಯುತ್ತಾರೆ. ಉಗ್ರಾಣವೂ ಸೀಮೆಯ ಒಬ್ಬ ಒಕ್ಕಲು. ಅದಕ್ಕೂ ಪಟೇಲನೊಡನೆ ಒಂದು ಗುಟ್ಟು, ಮತ್ತು ಅದು ಆಗಾಗ ತಾನಾಗಿ ಬದಲಾಗುತ್ತದೆ: ವಿಂಡೋಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೂವತ್ತು ದಿನಕ್ಕೊಮ್ಮೆ, ಸಾಂಬಾದಲ್ಲಿ ವಾರಕ್ಕೊಮ್ಮೆ. ಸಿಡಿಲು ಹೊಡೆದ ಸರ್ವರನ್ನು ಎರಡು ತಿಂಗಳ ಹಿಂದಿನ ಪ್ರತಿಯಿಂದ ಎಬ್ಬಿಸಿದರೆ, ಅದು ಎರಡು ತಿಂಗಳ ಹಿಂದಿನ ಗುಟ್ಟನ್ನೇ ಹೇಳುತ್ತದೆ. ಪಟೇಲ ಗುರುತಿಸುವುದಿಲ್ಲ. ಆಗ ಸರ್ವರನ್ನು ಸೀಮೆಗೆ ಮತ್ತೊಮ್ಮೆ ಸೇರಿಸುವುದೊಂದೇ ದಾರಿ. ಗುಮಾಸ್ತರ ಪಾಸ್‌ವರ್ಡನ್ನು ಹತ್ತು ಸಲ ಬದಲಿಸಿದರೂ ಫಲವಿಲ್ಲ.

ಇನ್ನು ಅಂಕೆಗಳ ಹೊಂದಾಣಿಕೆ. ವಿಂಡೋಸಿನ ಉದ್ದ ಅಂಕೆಯನ್ನು ಯುನಿಕ್ಸಿನ ಗಿಡ್ಡ ಅಂಕೆಯಾಗಿ ತಿರುಗಿಸಲು ಸಾಂಬಾದಲ್ಲಿ ವಿನ್‌ಬೈಂಡ್ ಎಂಬ ಶಾನುಭಾಗನಿದ್ದಾನೆ. ಬಂದವರಿಗೆ ಬಂದ ಕ್ರಮದಲ್ಲಿ ಅಂಕೆ ಕೊಡುವುದು ಒಂದು ರೂಢಿ. ಉದ್ದ ಅಂಕೆಯ ಕೊನೆಯ ಭಾಗದಿಂದ ಲೆಕ್ಕಹಾಕಿ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಎರಡು ಸರ್ವರುಗಳಿದ್ದರೆ ಒಬ್ಬನೇ ಮನುಷ್ಯ ಅಲ್ಲೊಂದು ಅಂಕೆ, ಇಲ್ಲೊಂದು ಅಂಕೆ. ಒಂದರ ಕಡತಗಳನ್ನು ಇನ್ನೊಂದಕ್ಕೆ ಸಾಗಿಸಿದ ದಿನ ರಾಮನ ಗದ್ದೆ ಭೀಮನ ಹೆಸರಿಗೆ. ಪುತ್ತೂರು ತಾಲೂಕಿನ ಭಾಗವಾಗಿದ್ದ ಕಡಬ ಬೇರೆ ತಾಲೂಕಾದ ಹಾಗೆ ಸೀಮೆಯೇ ಬದಲಾದರಂತೂ ಹೇಳುವುದೇ ಬೇಡ: ಆಳು ಅವನೇ, ಉದ್ದ ಅಂಕೆಯ ಮೊದಲ ಭಾಗ ಬೇರೆ, ಹಳೆಯ ಹಕ್ಕುಗಳೆಲ್ಲ ಅನಾಥ.

ಈ ರಿಪೇರಿಯೆಲ್ಲ ಕಠಿಣವಾದದ್ದಕ್ಕೆ ಯಂತ್ರಧರ್ಮ ಒಂದೇ ಕಾರಣವಲ್ಲ. ಮನುಷ್ಯರ ಮುಚ್ಚುಮರೆಯೂ ಕಾರಣ. ಕರ್ಬೆರೋಸ್ ಎಲ್ಲರಿಗೂ ಸೇರಿದ ವಿಧಾನ. ಆದರೆ ಬಂದವನು ಯಾವ ಯಾವ ಗುಂಪಿಗೆ ಸೇರಿದವನೆಂಬ ಪಟ್ಟಿಯನ್ನು ಮೈಕ್ರೋಸಾಫ್ಟ್ ಆ ಚೀಟಿಯ ಒಳಮಡಿಕೆಯಲ್ಲಿ ತನ್ನದೇ ರೀತಿಯಲ್ಲಿ ಬರೆಯಿತು. ಆ ಬರವಣಿಗೆಯ ಕ್ರಮವನ್ನು ಇತರರು ಬಳಸಲಾಗದಂಥ ಕರಾರಿನಲ್ಲಿ ಮಾತ್ರ ತೋರಿಸಿತು. ನನ್ನ ಎಣಿಕೆಯಲ್ಲಿ ಇದು ಬಾವಿಯನ್ನು ಊರಿನಿಂದ ಪಡೆದು ಹಗ್ಗವನ್ನು ಮನೆಯೊಳಗೆ ಇಟ್ಟುಕೊಂಡ ಹಾಗೆ. ಐರೋಪ್ಯ ಆಯೋಗ ೨೦೦೪ರ ಮಾರ್ಚಿನಲ್ಲಿ ಆ ಸಂಸ್ಥೆಗೆ ಸುಮಾರು ೪೯.೭ ಕೋಟಿ ಯೂರೋ ದಂಡ ವಿಧಿಸಿ, ಇತರರ ಸರ್ವರುಗಳು ಕೂಡಿ ನಡೆಯಲು ಬೇಕಾದ ವಿವರಗಳನ್ನು ಹೊರಗೆಡಹಬೇಕೆಂದು ಆಜ್ಞೆ ಮಾಡಿತು. ೨೦೦೭ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ಬಳಗದವರ ಪರವಾಗಿ ಹತ್ತು ಸಾವಿರ ಯೂರೋ ಶುಲ್ಕ ಕಟ್ಟಿ ಆ ದಾಖಲೆಗಳನ್ನು ಪಡೆಯಲಾಯಿತು. ಹದಿನಾರು ವರ್ಷ ಕಿವಿಯಿಂದಲೇ ಕಲಿತ ಭಾಷೆಗೆ ಕೊನೆಗೂ ವ್ಯಾಕರಣ ಕೈಗೆ ಬಂತು! ೨೦೧೨ರ ಡಿಸೆಂಬರಿನಲ್ಲಿ ಬಂದ ಸಾಂಬಾ ೪, ಸೀಮೆಯ ಪಟೇಲಿಕೆಯನ್ನೂ ತಾನೇ ನಡೆಸಬಲ್ಲುದಾಯಿತು.

ನೆರೆಯ ಕಾಸರಗೋಡಿನ ಶಾಲೆಗಳಲ್ಲಿ, ಕನ್ನಡ ಮಾಧ್ಯಮದವುಗಳಲ್ಲಿ ಕೂಡ, ಕೇರಳ ಸರಕಾರದ ಧೋರಣೆಯಿಂದ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಾರೆ. ನಮ್ಮ ಕಡೆ ಎರಡೂ ಮನೆತನಗಳು ಒಂದೇ ಚಪ್ಪರದಡಿ ಬಾಳಬೇಕಾದ ಕಚೇರಿಗಳೇ ಹೆಚ್ಚು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಯಂತ್ರಕ್ಕೆ ಏರಿದಾಗ, ಪಾಸ್‌ವರ್ಡ್ ಒಬ್ಬರಿಂದ ಒಬ್ಬರ ಬಾಯಿಗೆ ದಾಟುವ ಅಪಾಯವನ್ನು ಮನಗಂಡು ಅಧಿಕಾರಿಗಳ ಬೆರಳಚ್ಚನ್ನೇ ಬೀಗವಾಗಿಸಿದರು. ಯಾರು ತಿದ್ದಿದರು ಎಂಬುದು ಗದ್ದೆಯ ಒಡೆತನದ ಪ್ರಶ್ನೆ. ಅಲ್ಲಿ ಸಡಿಲ ಸಲ್ಲದು.

ಸಣ್ಣ ಕಚೇರಿಗಳಲ್ಲಿ ನಡೆಯುವುದು ಇದರ ವಿಪರ್ಯಾಸ. ಬಾಗಿಲು ತೆರೆಯದಾದಾಗ ಬೇಸತ್ತ ರಿಪೇರಿಯವರು ಬಾಗಿಲನ್ನೇ ಕಿತ್ತಿಡುತ್ತಾರೆ: ‘ಎಲ್ಲರಿಗೂ ಪ್ರವೇಶ’. ಅಥವಾ ಎಸ್.ಎಂ.ಬಿ.ಯ ಮೊದಲ, ಸವೆದ ರೂಪವನ್ನು ಮತ್ತೆ ಜೀವಂತಗೊಳಿಸುತ್ತಾರೆ. ೨೦೧೭ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ಪಿಡುಗು ವಿಂಡೋಸ್ ಯಂತ್ರಗಳಲ್ಲಿ ಆ ಹಳೆಯ ರೂಪವನ್ನು ನಡೆಸುವ ಭಾಗದ ಒಂದು ಬಿರುಕಿನಿಂದಲೇ ದೇಶದೇಶಗಳಿಗೆ ನುಗ್ಗಿ, ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆ ವರ್ಷದ ಕೊನೆಯಿಂದ ಹೊಸ ವಿಂಡೋಸಿನಲ್ಲೂ, ೨೦೧೯ರಿಂದ ಸಾಂಬಾದಲ್ಲೂ, ಆ ಹಳೆಯ ರೂಪವನ್ನು ನಾವಾಗಿ ಕೇಳದ ಹೊರತು ತೆರೆದಿಡುವ ಪದ್ಧತಿ ನಿಂತಿತು.

ಒಗಟಿನ ಕ್ರಮಕ್ಕೂ ಈಗ ಬೀಳ್ಕೊಡುಗೆ: ಎನ್.ಟಿ.ಎಲ್.ಎಂ.ಅನ್ನು ಇನ್ನು ಬೆಳೆಸುವುದಿಲ್ಲವೆಂದು ಮೈಕ್ರೋಸಾಫ್ಟ್ ೨೦೨೪ರ ಜೂನಿನಲ್ಲಿ ಪ್ರಕಟಿಸಿತು. ಅಂಕೆಯ ವಿಳಾಸದಿಂದ ಉಗ್ರಾಣವನ್ನು ಕರೆಯುತ್ತಿರುವ ಕಚೇರಿಗಳು ಈಗಲೇ ಹೆಸರಿಗೆ ತಿರುಗುವುದು ಲೇಸು. ಮತ್ತು ಮೂಲೆಯಲ್ಲಿ ಕುಳಿತ ಹಳೆಯ ಜೆರಾಕ್ಸ್ ಯಂತ್ರ, ಸ್ಕ್ಯಾನ್ ಮಾಡಿದ ಪತ್ರಗಳನ್ನು ಉಗ್ರಾಣಕ್ಕೆ ಒಯ್ದಿಡುವಂಥದ್ದಾಗಿದ್ದರೆ, ಅದಕ್ಕೆ ಯಾವ ಭಾಷೆ ಬರುತ್ತದೆಂದು ಒಮ್ಮೆ ವಿಚಾರಿಸಿಕೊಳ್ಳಬೇಕು.